ಚೆಂಡಾಟದ ರಾತ್ರಿಗಳೂ ಅತ್ತೆಯವರ ಹಾಸಿಗೆಯೂ

ಪ್ರಶ್ನೆ: ನನಗೆ ನಲವತ್ತು ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಪತಿ ರೇಷ್ಮೆ ರೀಲರು. ಪಾರ್ಶ್ವವಾಯುವಾಗಿ ಮಲಗಿರುವ ಅತ್ತೆಯವರನ್ನು ಹಗಲು ಒಬ್ಬ ಹೆಂಗಸು ನೋಡಿಕೊಳ್ಳುತ್ತಾರೆ, ರಾತ್ರಿ ಪೂರ್ತಿ ನಾನೇ. 2005ರ ಬೇಸಿಗೆ ರಜೆಯಲ್ಲಿ ಕೆಜಿಎಫ್‌ನ ಸೋದರಮಾವನ ಮನೆಯಲ್ಲಿ, ಇಸ್ತಾಂಬುಲ್‌ನಲ್ಲಿ ನಡೆದ ಯೂರೋಪಿನ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ನಲ್ಲಿ ಇಟಲಿಯ ಮಿಲಾನ್ ವಿರುದ್ಧ 0-3ರಿಂದ ಹಿಂದಿದ್ದ ಇಂಗ್ಲೆಂಡಿನ ಲಿವರ್‌ಪೂಲ್ ಗೆದ್ದದ್ದನ್ನು ನೋಡಿದಾಗಿನಿಂದ ಆ ತಂಡ ನನ್ನದು. 2025ರ ಏಪ್ರಿಲ್ 27ರಂದು ಅವರು ಟಾಟನ್‌ಹ್ಯಾಮ್ ತಂಡವನ್ನು 5-1ರಿಂದ ಸೋಲಿಸಿ ಇಂಗ್ಲೆಂಡಿನ ಲೀಗ್ ಗೆದ್ದಾಗ ನಾನು ಅತ್ತೆಯವರ ಜೊತೆ ಆಸ್ಪತ್ರೆಯಲ್ಲಿದ್ದೆ. ವರಾಂಡದಲ್ಲಿ ಫೋನ್ ನೋಡಿ ಅಳುತ್ತಿದ್ದವಳನ್ನು ಕಂಡು, ರೋಗಿಗೆ ಏನೋ ಆಯಿತೆಂದುಕೊಂಡ ನರ್ಸ್ ಸಮಾಧಾನ ಹೇಳಿದರು. ಈಚೆಗೆ ಒಂದು ರಾತ್ರಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಂದ್ಯ ನೋಡುತ್ತಿದ್ದೆ. ಅತ್ತೆಯವರು ಕರೆದದ್ದು ಕೇಳಿಸಲಿಲ್ಲ, ಹಾಸಿಗೆ ಒದ್ದೆಯಾಗಿತ್ತು. ಬೆಂಗಳೂರಿನಿಂದ ಬಂದಿದ್ದ ನಾದಿನಿ, "ಅಮ್ಮ ಹಾಸಿಗೆ ಹಿಡಿದಿದ್ದಾರೆ, ಇವರಿಗೆ ಚೆಂಡಾಟ" ಎಂದರು. ಅಂದಿನಿಂದ ನೋಡುವುದನ್ನೇ ನಿಲ್ಲಿಸಿದ್ದೇನೆ. ಆದರೆ ಎಲ್ಲರ ಮೇಲೂ ಸಿಡುಕುತ್ತಿದ್ದೇನೆ. ನಾನಿರುವುದೇ ಗೊತ್ತಿಲ್ಲದ ಆಟಗಾರರಿಗಾಗಿ ಈ ವಯಸ್ಸಿನಲ್ಲಿ ಇಷ್ಟು ಹಂಬಲಿಸುವುದು ಹುಚ್ಚಲ್ಲವೇ? ಪೂರ್ತಿ ಬಿಟ್ಟುಬಿಡಲೇ?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಬಿಡಬೇಡಿ. ಆ ರಾತ್ರಿ ತಪ್ಪಾದದ್ದು ನಿಜ, ಆದರೆ ಅದು ಇಯರ್‌ಫೋನಿನ ತಪ್ಪೇ ಹೊರತು ಲಿವರ್‌ಪೂಲಿನದಲ್ಲ. ಕಿವಿಗಳೆರಡನ್ನೂ ಮುಚ್ಚಿಕೊಂಡು ನೀವು ಪಂದ್ಯ ನೋಡಬೇಕಾಗಿ ಬಂದದ್ದು ಏಕೆಂದು ಯೋಚಿಸಿ. ಮನೆಯವರಿಗೆ ತಿಳಿಯಬಾರದೆಂದಲ್ಲವೇ? ಕದ್ದು ನೋಡುವವರಿಗೆ ದೀಪ ಹಾಕಿಕೊಳ್ಳಲಾಗದು, ಧ್ವನಿ ಹೆಚ್ಚಿಸಲಾಗದು, ನಡುವೆ ಎದ್ದು ಹೋಗಿ ಬರಲೂ ಮನಸ್ಸು ಹಿಂಜರಿಯುತ್ತದೆ. ಹೇಳಿ ನೋಡುವವರಿಗೆ ಈ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ಮೊದಲು ಮಾಡಬೇಕಾದದ್ದು, ಈ ಶನಿವಾರ ಪಂದ್ಯವಿದೆ, ನಾನು ನೋಡುತ್ತೇನೆ ಎಂದು ಪತಿಗೆ ಊಟದ ಹೊತ್ತಿನಲ್ಲಿ ನೇರವಾಗಿ ತಿಳಿಸುವುದು.

ನಿಮ್ಮ ಪತ್ರದಲ್ಲಿ ನಾದಿನಿಯ ಮಾತಿದೆ, ನರ್ಸಿನ ಪ್ರಸಂಗವಿದೆ, ಆದರೆ ಅತ್ತೆಯವರು ಏನೆಂದರು ಎಂಬುದು ಎಲ್ಲಿಯೂ ಇಲ್ಲ. ಅವರು ಕರೆಯಬಲ್ಲರು ಎಂದ ಮೇಲೆ ಅಷ್ಟಿಷ್ಟಾದರೂ ಮಾತನಾಡಬಲ್ಲರು. ಅಂದು ಕೇಳಿಸಲಿಲ್ಲವೆಂದು ಅವರ ಬಳಿಯೇ ಹೇಳಿ, ಇನ್ನು ಮುಂದೆ ಹೇಗೆ ಕರೆದರೆ ಅನುಕೂಲವೆಂದು ಅವರನ್ನೇ ಕೇಳಿ. ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ತಂತಿಯಿಲ್ಲದ ಕಾಲಿಂಗ್ ಬೆಲ್ ಸಿಗುತ್ತದೆ. ಅದರ ಗುಂಡಿಯನ್ನು ಸ್ವಾಧೀನವಿರುವ ಕೈಯ ಪಕ್ಕದಲ್ಲಿ, ದಿಂಬಿನ ಅಂಚಿಗೆ ದಾರದಿಂದ ಕಟ್ಟಿಟ್ಟರೆ ಕ್ಷೀಣ ಧ್ವನಿಯನ್ನು ನಂಬಿಕೊಂಡಿರಬೇಕಾಗಿಲ್ಲ. ಇಯರ್‌ಫೋನ್ ಬೇಕೇ ಬೇಕಾದರೆ ಒಂದು ಕಿವಿಗೆ ಮಾತ್ರ ಇರಲಿ.

ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಲಾ 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಕೊನೆಯಲ್ಲಿ ಸೇರಿಸುವ ಕೆಲವು ನಿಮಿಷ, ಇವೆಲ್ಲ ಕೂಡಿದರೂ ಒಂದು ಪಂದ್ಯ ಎರಡು ಗಂಟೆಯೊಳಗೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭವಾಗುವ ಪಂದ್ಯ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ, ಅಲ್ಲಿ ಗಡಿಯಾರವನ್ನು ಮುಂದೆ ತಿರುಗಿಸಿದ ತಿಂಗಳುಗಳಲ್ಲಿ ಏಳೂವರೆಗೆ ಬರುತ್ತದೆ. ಎಂಟೂವರೆಯ ದಿನ, ಏಳೂವರೆಗೇ ಊಟ ಮಾಡಿಸಿ, ಬೆನ್ನಿಗೆ ದಿಂಬು ಕೊಟ್ಟು ಅರ್ಧ ಗಂಟೆ ಕೂರಿಸಿ, ಮಾತ್ರೆ ಕೊಟ್ಟು, ಬಟ್ಟೆ ನೋಡಿ ಮಗ್ಗುಲಿಗೆ ಮಲಗಿಸಿದಿರಾದರೆ ಆರಂಭದ ಸೀಟಿಯ ಹೊತ್ತಿಗೆ ನೀವು ಕುರ್ಚಿಯಲ್ಲಿರಬಹುದು. ವಿರಾಮದಲ್ಲಿ ಒಮ್ಮೆ ಹೋಗಿ ನೀರು ಬೇಕೇ ಎಂದು ಕೇಳಿ, ಪಂದ್ಯ ಮುಗಿದೊಡನೆ ಮತ್ತೆ ಮಗ್ಗುಲು ಬದಲಾಯಿಸಿ. ನಡುರಾತ್ರಿ ದಾಟಿ ಶುರುವಾಗುವ ಯೂರೋಪಿನ ಪಂದ್ಯಗಳನ್ನು ಮಾತ್ರ ಕೈಬಿಡಿ ಎನ್ನುತ್ತೇನೆ. ಮೊದಲೇ ನಿದ್ದೆಗೆಟ್ಟಿರುವವರು ಉಳಿದ ನಿದ್ದೆಯನ್ನೂ ಕಳೆದುಕೊಳ್ಳಬಾರದು, ಗೋಲುಗಳನ್ನು ಬೆಳಗಿನ ಕಾಫಿಯ ಜೊತೆಗೂ ನೋಡಬಹುದು.

ಹುಚ್ಚು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಣಿಯ ಕಾಲದಿಂದಲೂ ಫುಟ್‌ಬಾಲ್ ಆಡುತ್ತ ಬಂದ ಕೆಜಿಎಫ್‌ನಲ್ಲಿ ಹತ್ತಿದ ಪ್ರೀತಿ ಇದು, ಟಿವಿ ಜಾಹೀರಾತು ನೋಡಿ ಹುಟ್ಟಿದ್ದಲ್ಲ. ದೂರದಲ್ಲಿರುವವರ ಅಭಿಮಾನ ಅರ್ಧ ಅಭಿಮಾನವೆಂಬ ಭಾವನೆಯೂ ಬೇಡ. ಮೂವತ್ತು ವರ್ಷ ಕಾದ ಮೇಲೆ ಲಿವರ್‌ಪೂಲ್ 2020ರಲ್ಲಿ ಲೀಗ್ ಗೆದ್ದಾಗ ಕೊರೊನಾದಿಂದಾಗಿ ತಂಡದ ತವರು ಮೈದಾನ ಆನ್‌ಫೀಲ್ಡ್ ಬರಿದಾಗಿತ್ತು. ಅದರ ಪಕ್ಕದ ಬೀದಿಯವರೂ ನಿಮ್ಮಂತೆ ಪರದೆಯ ಮುಂದೆ ಕೂತೇ ತಂಡ ಟ್ರೋಫಿ ಎತ್ತಿದ್ದನ್ನು ನೋಡಿದರು. ಇನ್ನೊಂದು ವಿಚಿತ್ರವೆಂದರೆ, ಶನಿವಾರ ಮೂರು ಗಂಟೆಯ ಪಂದ್ಯಗಳನ್ನು ಬ್ರಿಟನ್ನಿನ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. ಟಿಕೆಟ್ ಸಿಗದ ಅಲ್ಲಿನವರಿಗೆ ಇಲ್ಲದ ಅವಕಾಶ ಶಿಡ್ಲಘಟ್ಟದಲ್ಲಿರುವ ನಿಮಗಿದೆ.

ಸಿಡುಕಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪಂದ್ಯ ನೋಡತೊಡಗಿದ ಮೇಲೂ ಅದು ಇಳಿಯದಿದ್ದರೆ, ಅಥವಾ ಗೆಲುವು ಕೂಡ ರುಚಿಸದಂತಾದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ನಾದಿನಿ. ಅವರ ಮಾತಿನಲ್ಲಿ ತಾಯಿಯ ಬಗೆಗಿನ ಸಂಕಟವೂ ಇದೆ, ತಾನು ಮಾಡಲಾಗದ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರುವಾಗ ಬರುವ ಕಸಿವಿಸಿಯೂ ಇದೆ ಎಂದು ನನ್ನ ಊಹೆ. ಅದಕ್ಕೆ ಮಾತಿಗೆ ಮಾತು ಬೆಳೆಸುವ ಬದಲು ಕೆಲಸ ಕೊಡಿ. "ಬಿಡುವಾದಾಗ ಬಾಮ್ಮ" ಎಂದು ಕರೆದರೆ ಯಾರಿಗೂ ಬಿಡುವಾಗುವುದಿಲ್ಲ. ನಿಮ್ಮ ಕೈಯಲ್ಲಾದರೋ ಆಗಸ್ಟ್‌ನಿಂದ ಮೇ ತನಕದ 38 ಪಂದ್ಯಗಳ ವೇಳಾಪಟ್ಟಿ ಇದೆ. ಟಿವಿಯವರ ಅನುಕೂಲಕ್ಕೆ ದಿನ ಆಚೀಚೆಯಾದರೂ ವಾರಗಳ ಮುಂಚೆ ತಿಳಿಯುತ್ತದೆ. ಅದರಿಂದ ತಿಂಗಳಿಗೊಂದು ಶನಿವಾರ ಆರಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಫೋಟೊವನ್ನು ನಾದಿನಿಗೂ ಪತಿಗೂ ಕಳುಹಿಸಿ. ಶನಿವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ಅಮ್ಮನ ಹಾಸಿಗೆ ಮಕ್ಕಳಿಬ್ಬರದು ಎಂದು ಬರೆಯಿರಿ, ಕಾರಣ ಕೇಳಿದರೆ ಲಿವರ್‌ಪೂಲ್ ಪಂದ್ಯವೆಂದೇ ಹೇಳಿ. ತಲೆನೋವು, ಶಾಲೆಯ ಕೆಲಸ ಎಂಬ ನೆಪ ಬೇಡ. ಮೊದಲ ಸಲ ನಾದಿನಿ ಬಂದಾಗ ಮಗ್ಗುಲು ಬದಲಾಯಿಸುವಾಗ ಮಂಡಿಯ ನಡುವೆ ದಿಂಬು ಇಡುವುದು ಹೇಗೆಂದು ತೋರಿಸಿಕೊಟ್ಟು, ನೀವು ಮುಂದಿನ ಕೋಣೆಗೆ ಹೋಗಿ ಟಿವಿಯ ಧ್ವನಿಯನ್ನು ಎಂದಿನಂತೆ ಇಟ್ಟುಕೊಂಡು ಕೂತುಕೊಳ್ಳಿ.