ಚುನಾವಣಾ ನಿಯಮ ಗೊತ್ತಿರಲಿಲ್ಲ ಅಂದರೆ ಅಭ್ಯರ್ಥಿ ತಪ್ಪಿಸಿಕೊಳ್ಳಬಹುದಾ?

ಇಲ್ಲ. ಮಂಡ್ಯದಲ್ಲಿ ಒಬ್ಬ ಅಭ್ಯರ್ಥಿ ಮತದಾನ ಮುಗಿಯುವ ಮುಂಚಿನ 48 ಗಂಟೆಯೊಳಗೆ ಬಹಿರಂಗ ಸಭೆ ನಡೆಸಿದರು ಅಂತ ಇಟ್ಟುಕೊಳ್ಳಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 2 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು, ಕಾನೂನು ಗೊತ್ತಿರಲಿಲ್ಲ ಅನ್ನೋದು ನೆಪವಾಗಿ ನಡೆಯುವುದಿಲ್ಲ. ಯಾಕಂದ್ರೆ ಅದನ್ನು ಒಪ್ಪಿದರೆ ಕಾನೂನು ಓದದೇ ಇರುವವನಿಗೇ ಲಾಭ, ತಿಳಿದು ಪಾಲಿಸಿದವನಿಗೆ ನಷ್ಟ. ಇದು ಅನ್ಯಾಯ ಅಲ್ವಾ? ಅದೂ ನಾಳೆ ಕಾನೂನು ಮಾಡಲು ಹೊರಟವರು, ಚುನಾವಣಾ ಆಯೋಗದ ಕೈಪಿಡಿಯನ್ನಾದರೂ ಓದಲೇಬೇಕು.

ಚುನಾವಣಾ ಖರ್ಚಿನ ಲೆಕ್ಕದಲ್ಲಿ ಮಾತ್ರ ಸ್ವಲ್ಪ ವಿನಾಯಿತಿಗೆ ಜಾಗ ಇದೆ. ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡದಿದ್ದರೆ 3 ವರ್ಷ ಅನರ್ಹತೆ ಬರಬಹುದು, ಆದರೆ ಸರಿಯಾದ ಕಾರಣ ಇದ್ದರೆ ಆಯೋಗ ಪರಿಗಣಿಸುತ್ತದೆ.