ಪದ್ಮಿನಿಯ ಮಂಕು ಹೆಡ್‌ಲೈಟ್: ಮೊದಲು ಅರ್ಥಿಂಗ್ ನೋಡಿ

ನಮಸ್ಕಾರ. 1978ರ ಪ್ರೀಮಿಯರ್ ಪದ್ಮಿನಿ ಕಾರಿನ ಹೆಡ್‌ಲೈಟ್ ಮಂಕಾಗಿದೆ, ಸ್ವಿಚ್ ಬಿಸಿಯಾಗುತ್ತದೆ, ಮನೆಯಲ್ಲೇ ಪೂರ್ತಿ ವೈರಿಂಗ್ ಬದಲಿಸಲಾ ಎಂದು ಕೇಳಿದ್ದೀರಿ. ಈಗಲೇ ಎಲ್ಲಾ ಕೀಳಬೇಡಿ. ಮೊದಲು ಅರ್ಥಿಂಗ್ ನೋಡಿ, ಅಂದರೆ ಕರೆಂಟು ಬಲ್ಬಿನಿಂದ ಗಾಡಿಯ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಬಲ್ಬಿನ ಅರ್ಥ್ ತಂತಿಗೆ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿದರೂ ಅರ್ಥಿಂಗ್ ಸರಿಯಿಲ್ಲ. ನನ್ನ ಗಾಡಿಯಲ್ಲಿ ಅರ್ಥ್ ಬೋಲ್ಟ್ ಬಿಚ್ಚಿದರೆ ಕೆಳಗೆ ದಪ್ಪ ಪೇಂಟು, ಅದರಡಿ ಬಿಸ್ಕತ್ತಿನ ಹಾಗೆ ಉದುರುವ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿ, ತಗಡು ಹೊಳೆಯುವವರೆಗೂ ಬಿಡಲಿಲ್ಲ. ಬೆಳಕು ಅರ್ಧ ಅಲ್ಲೇ ವಾಪಸ್ ಬಂತು!

ಇನ್ನು ಸ್ವಿಚ್. 60 ವಾಟಿನ ಎರಡು ಬಲ್ಬ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಅಷ್ಟೂ ಆ ಹಳೇ ಸ್ವಿಚ್ಚಿನಲ್ಲೇ ಹಾದುಹೋದರೆ ಬಿಸಿಯಾಗದೆ ಇರುತ್ತದಾ? ಹೈ ಬೀಮ್‌ಗೊಂದು, ಲೋ ಬೀಮ್‌ಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ. ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ. ತಂತಿ ಎಳೆಯಿರಿ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಹಳೇ ತಂತಿ ರಿಲೇ ಆನ್ ಮಾಡಲು ಮಾತ್ರ. ಒಂಟಿ ಎಳೆಯ ಗಟ್ಟಿ ತಂತಿ ಬೇಡವೇ ಬೇಡ, ಗಾಡಿಯ ಅದುರಾಟಕ್ಕೆ ತುಂಡಾಗುತ್ತದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.

ತಂತಿಯನ್ನು ಬೆರಳಲ್ಲಿ ಬಗ್ಗಿಸಿದಾಗ ಹೊದಿಕೆ ಬಿರುಕು ಬಿಟ್ಟರೆ ಮಾತ್ರ ಪೂರ್ತಿ ಬದಲಿಸಿ. ಆಗ ಒಂದೊಂದು ತಂತಿಗೂ ಚೀಟಿ ಅಂಟಿಸಿ, ಫೋಟೋ ತೆಗೆದು, ಆಮೇಲೆ ಕತ್ತರಿಸಿ.