ನಿರ್ವಾತದಲ್ಲಿ ಗಾಳಿಯೇ ಇಲ್ಲವಲ್ಲ, ಹೈಡ್ರೋಜನ್ ಸಿಡಿಯುವುದಾದರೂ ಹೇಗೆ?

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಳಗಿನ ಗಾಳಿ ತೆಗೆದು ಹೈಡ್ರೋಜನ್ ಹಾಯಿಸುವ ವ್ಯಾಕ್ಯೂಮ್ (ನಿರ್ವಾತ) ಕುಲುಮೆ ನೋಡಿಕೊಳ್ಳುತ್ತಿದ್ದೀರಿ. ಒಳಗೆ ಗಾಳಿಯೇ ಇಲ್ಲದ ಮೇಲೆ ಭಯವೇಕೆ, ಶೆಡ್ಡಿನ ಕಿಟಕಿ ತೆರೆದಿಟ್ಟರೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಂಥದ್ದೇ ಕುಲುಮೆಯ ಮುಂದೆ ದಿನ ಕಳೆಯುವವನು ನಾನು. ನನ್ನ ಮಾತು ಕೇಳುವುದಾದರೆ, ಕುಲುಮೆಗಿಂತ, ಅದರೊಳಗಿನ ಅನಿಲ ಹೀರಿ ಹೊರಹಾಕುವ ಪಂಪಿನ ಎಕ್ಸಾಸ್ಟಿಗೆ (ಹೊರದಾರಿಗೆ) ಹೆದರಿ.

ಗಾಳಿಯಲ್ಲಿ ಹೈಡ್ರೋಜನ್ ಶೇ 4ರಿಂದ 75ರಷ್ಟು ಬೆರೆತಿದ್ದರೆ ಹೊತ್ತಿಕೊಳ್ಳಬಲ್ಲದು. 0.02 ಮಿಲಿಜೂಲ್‌ನ ಕಿಡಿ ಸಾಕು. ನೈಲಾನ್ ಅಂಗಿಯಿಂದ ಚಟ್ ಎನ್ನುವ ಕಿಡಿಯಲ್ಲಿ ಅದಕ್ಕಿಂತ ಹೆಚ್ಚೇ ಶಕ್ತಿಯಿರುತ್ತದೆ. ಹೊತ್ತಿಕೊಂಡಾಗ ಒತ್ತಡ ಸುಮಾರು ಎಂಟು ಪಟ್ಟು ಏರುತ್ತದೆ. ಕುಲುಮೆಯಲ್ಲಿ 10 ಮಿಲಿಬಾರ್ ಇದ್ದರೆ 80 ಆದೀತು, ಹೊರಗಿನ ವಾಯುಭಾರದ ಹತ್ತರಲ್ಲೊಂದು ಪಾಲೂ ಅಲ್ಲ. (ವಾಯುಭಾರದ ಮಟ್ಟದವರೆಗೆ ಹೈಡ್ರೋಜನ್ ತುಂಬುವವರಾದರೆ ಈ ಲೆಕ್ಕ ನಡೆಯುವುದಿಲ್ಲ.) ಆದರೆ ರೋಟರಿ ಪಂಪ್ ಅದೇ ಅನಿಲವನ್ನು ವಾಯುಭಾರದ ಮಟ್ಟಕ್ಕೆ ಒತ್ತಿಯೇ ಹೊರಗೆ ತಳ್ಳುತ್ತದೆ. ಅಲ್ಲಿ ಎಂಟು ಪಟ್ಟು ಎಂದರೆ ಎಕ್ಸಾಸ್ಟಿನಲ್ಲಿ ಎಣ್ಣೆಹನಿ ತಡೆಯುವ ಆಯಿಲ್ ಫಿಲ್ಟರ್ ಚೂರಾಗುವ ಮಾತು.

ಅಲ್ಲಿಗೆ ಗಾಳಿ ಎಲ್ಲಿಂದ ಬರುತ್ತದೆ? ಸವೆದ ಶಾಫ್ಟ್ ಸೀಲ್ (ತಿರುಗುವ ದಂಡದ ಸುತ್ತ ಸೋರಿಕೆ ತಡೆಯುವ ಭಾಗ), ಒಣಗಿದ ಓ ರಿಂಗ್ (ಜೋಡಣೆಯ ರಬ್ಬರ್ ಬಳೆ), ಮತ್ತು ಯಾರಿಗೂ ನೆನಪಾಗದ ಗ್ಯಾಸ್ ಬ್ಯಾಲಸ್ಟ್ ವಾಲ್ವ್. ಎಣ್ಣೆಯಲ್ಲಿ ನೀರು ನಿಲ್ಲಬಾರದೆಂದು ತೆರೆದಿಡುವ ಈ ವಾಲ್ವ್ ಶೆಡ್ಡಿನ ಗಾಳಿಯನ್ನೇ ಪಂಪಿನೊಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ಗಾಳಿಯ ಬದಲು ಉರಿಯದ ನೈಟ್ರೋಜನ್ ಲೈನ್ ಕೊಡಿ, ಎಕ್ಸಾಸ್ಟಿಗೂ ಬಿಡಿ. ಒಂದು ಲೀಟರ್ ಹೈಡ್ರೋಜನ್‌ಗೆ 24 ಲೀಟರ್ ನೈಟ್ರೋಜನ್ ಬೆರೆತರೆ ಶೇ 4ಕ್ಕೆ ಇಳಿಯುತ್ತದೆ, ಅದು ಅಂಚು. ಶೇ 1ಕ್ಕೆ ತರಲು 99 ಲೀಟರ್ ಬೇಕು. ಸಿಲಿಂಡರ್ ಖರ್ಚು ನೋಡಿ ಮಾಲೀಕರು ಹುಬ್ಬು ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಕುಲುಮೆ ತೆರೆಯುವ ಗಳಿಗೆಯೂ ಕೆಟ್ಟದ್ದು. ಹೀಟರ್ ಕೆಂಪಗೆ ಕಾದಿದ್ದರೆ ಕಿಡಿಯೇ ಬೇಕಿಲ್ಲ. ತಣಿಸಿ, ನಿರ್ವಾತ ಮಾಡಿ, ನೈಟ್ರೋಜನ್ ತುಂಬಿ, ಮತ್ತೊಮ್ಮೆ ಅದೇ ಕ್ರಮ ಮುಗಿಸಿದ ಮೇಲೆಯೇ ಗಾಳಿ ಬಿಡಿ. ನಮ್ಮ ಕಡೆ ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಕೈಕೊಡುವುದು ನಿಮಗೂ ಗೊತ್ತು. ಪಂಪ್ ನಿಂತರೆ ಎಕ್ಸಾಸ್ಟಿನ ಗಾಳಿ ಒಳಕ್ಕೆ ನುಗ್ಗಬಹುದು. ಕರೆಂಟ್ ಹೋದೊಡನೆ ತಾನಾಗಿ ಮುಚ್ಚುವ ವಾಲ್ವ್ ಹೈಡ್ರೋಜನ್ ಲೈನಿಗೂ ಪಂಪಿನ ಬಾಯಿಗೂ ಇರಲೇಬೇಕು.

ಇನ್ನು ಕಿಟಕಿ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ. ಸೋರಿದ್ದು ಕಿಟಕಿಯ ದಾರಿ ಹಿಡಿಯುವುದಿಲ್ಲ, ತಗಡಿನ ಛಾವಣಿಯ ನೆತ್ತಿಯಲ್ಲಿ ಸೇರುತ್ತದೆ. ಗಾಳಿಕಂಡಿ, ಸೆನ್ಸರ್ ಎರಡೂ ಅಲ್ಲೇ ಇರಲಿ. ಎಕ್ಸಾಸ್ಟ್ ಪೈಪನ್ನು ಛಾವಣಿಯಿಂದಾಚೆಗೆ ಒಯ್ಯಿರಿ. ಇದಕ್ಕೆ ವಾಸನೆಯಿಲ್ಲ, ಹಗಲಿನಲ್ಲಿ ಉರಿಯೂ ಕಾಣುವುದಿಲ್ಲ. ಸೋರಿಕೆ ಹುಡುಕಲು ಕೈಯಾಡಿಸಬೇಡಿ, ಸೋಪಿನ ನೀರು ಹಚ್ಚಿ ನೋಡಿ.